ಮುನಿಸಿನ ಮಾತು ಮೆಸೇಜಿನಲ್ಲಿ ಬೇಡ ಎಂದುಕೊಂಡ ಮೇಲೆ

ಎಷ್ಟು ಹೊತ್ತಿಗೆ ಬರ್ತೀಯ, ಟಿಕೆಟ್ ಕಳಿಸು, ತಲುಪಿದೆ. ಇಂಥದ್ದಕ್ಕೆಲ್ಲ ಇವತ್ತಿಗೂ ನನಗೆ ಮೆಸೇಜೇ ಬೇಕು. ಆದರೆ ಹತ್ತಿರದವರ ಜೊತೆ ಮುನಿಸು, ಕ್ಷಮೆ, ಕೆಟ್ಟ ಸುದ್ದಿಗಳನ್ನು ಟೈಪ್ ಮಾಡುವುದನ್ನು ನಿಲ್ಲಿಸಿದ್ದೇನೆ.

ಕಾರಣ ಪದಗಳ ಕೊರತೆಯಲ್ಲ, ಮೌನ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು ನೋಡಿತ್ತು. ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು, ಅಷ್ಟೇ. ಹಾಗಾಗಿಯೇ "ಬೇಜಾರಾಯ್ತಾ?" ಎಂದು ಕೇಳಿದಾಗ "ಇಲ್ಲ" ಅನ್ನುವುದು ಅರೆಕ್ಷಣ ತಡವಾದರೂ ನಮಗೆ ಗೊತ್ತಾಗಿಬಿಡುತ್ತದೆ. ಮೆಸೇಜಿನಲ್ಲಿ ಈ ಸುಳಿವು ಇಲ್ಲ. ಒಂದು ಗಂಟೆಯ ಮೌನವೆಂದರೆ ಸಿಟ್ಟೂ ಇರಬಹುದು, ಮೀಟಿಂಗೂ ಇರಬಹುದು, ನಿದ್ದೆಯೂ ಇರಬಹುದು. ಖಾಲಿ ಜಾಗವನ್ನು ನಮ್ಮ ಭಯ ತುಂಬುತ್ತದೆ. 2014ರಲ್ಲಿ ವಾಟ್ಸಾಪ್‌ಗೆ ನೀಲಿ ಟಿಕ್ ಬಂದ ಮೇಲಂತೂ "ಓದಿಯೂ ಸುಮ್ಮನಿದ್ದಾರೆ" ಎಂಬ ಹೊಸ ನೋವೇ ಹುಟ್ಟಿತು. ನಾನು ಅದನ್ನು ಆಫ್ ಮಾಡಿಟ್ಟಿದ್ದೇನೆ. ಹಾಗೆ ಮಾಡಿದರೆ ಬೇರೆಯವರ ಟಿಕ್ ಕೂಡ ನಮಗೆ ನೀಲಿಯಾಗಿ ಕಾಣುವುದಿಲ್ಲ. ನನಗೆ ನಿಜವಾಗಿ ಬೇಕಿದ್ದದ್ದು ಅದೇ.

ಬರೆದು ಅಳಿಸಿ ಮತ್ತೆ ಬರೆಯುತ್ತಿದ್ದೇನೆ ಎಂದು ಗಮನಕ್ಕೆ ಬಂದ ಕೂಡಲೇ ಅಲ್ಲಿಗೇ ನಿಲ್ಲಿಸುತ್ತೇನೆ. "ಸ್ವಲ್ಪ ಮಾತಾಡ್ಬೇಕು, ಯಾವಾಗ ಫೋನ್ ಮಾಡ್ಲಿ? ಗಾಬರಿ ಆಗೋವಂಥದ್ದೇನಿಲ್ಲ" ಎಂದಷ್ಟೇ ಕಳಿಸುತ್ತೇನೆ. ಆ ಕೊನೆಯ ಸಾಲು ಬೇಕೇ ಬೇಕು, ಇಲ್ಲದಿದ್ದರೆ ಅವರು ಫೋನ್ ಬರುವವರೆಗೂ ಚಡಪಡಿಸುತ್ತಾರೆ. ಕೆಟ್ಟ ಸುದ್ದಿಯಾದರೆ ಆ ಸಾಲನ್ನು ಸುಳ್ಳೇ ಬರೆಯುವುದಿಲ್ಲ, ನೇರ ಫೋನ್ ಮಾಡುತ್ತೇನೆ. ವಾಯ್ಸ್ ಮೆಸೇಜ್ ಅರ್ಧ ದಾರಿಯ ಉಪಾಯ: ದನಿ ಸಿಗುತ್ತದೆ, ಎದುರಿನವರ ತಕ್ಷಣದ ಉತ್ತರ ಸಿಗುವುದಿಲ್ಲ.

ದನಿಗೆ ಎಷ್ಟು ಬಲವಿದೆ ಎನ್ನುವುದಕ್ಕೆ 2012ರ ಒಂದು ಪ್ರಯೋಗವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಒತ್ತಡದ ಪರೀಕ್ಷೆ ಮುಗಿಸಿದ ಹುಡುಗಿಯರಲ್ಲಿ, ತಾಯಿಯ ಜೊತೆ ಎದುರಾಗಿ ಅಥವಾ ಫೋನಿನಲ್ಲಿ ಮಾತಾಡಿದವರ ಒತ್ತಡದ ಹಾರ್ಮೋನ್ ಇಳಿಯಿತು. ಬರೀ ಮೆಸೇಜಿನಲ್ಲಿ ಮಾತಾಡಿದವರದು ತಾಯಿಯ ಸಂಪರ್ಕವೇ ಸಿಗದವರಷ್ಟೇ ಮೇಲಿತ್ತು.

ಎದುರಾಗಿ ಕೂತಾಗ ಫೋನ್ ಚೀಲದೊಳಗೆ ಹೋಗುತ್ತದೆ, ಮೇಜಿನ ಮೇಲೆ ಮಗುಚಿಟ್ಟರೂ ಕಣ್ಣು ಅತ್ತಲೇ ಎಳೆಯುತ್ತದೆ.

ಆದರೆ ಎಲ್ಲರಿಗೂ ಇದೇ ನಿಯಮ ಹೇರಲಾಗದು. ನನ್ನ ತಮ್ಮನಿಗೆ ಕಷ್ಟದ ಮಾತು ಬಾಯಿಗೆ ಬರುವುದೇ ಇಲ್ಲ, ಬರೆದರೆ ಮಾತ್ರ ಪೂರ್ತಿ ಹೇಳುತ್ತಾನೆ. ಅವನು ಬರೆಯಲಿ ಎಂದೇ ಬಿಡುತ್ತೇನೆ. ನಾನು ಮಾತ್ರ ಅಲ್ಲೇ ವಾದಕ್ಕಿಳಿಯದೆ "ಓದಿದೆ, ಸಂಜೆ ಮಾತಾಡೋಣ" ಎಂದು ಉತ್ತರಿಸುತ್ತೇನೆ, ಸಂಜೆ ತಪ್ಪದೆ ಫೋನ್ ಮಾಡುತ್ತೇನೆ.