ಖಾಜನ್ ಗದ್ದೆಯ ಪುಟ್ಟ ಸಿಗಡಿ ಬಳಗ: ಮಾದರಿ ತೆಗೆದು ಎಣಿಸುವ ಬಗೆ

ಕುಮಟಾ, ಅಂಕೋಲಾ ಕಡೆಯಿಂದ ಗೋವಾಕ್ಕೆ ಬಂದವರಿಗೆ ಖಾಜನ್ ಹೊಸದಲ್ಲ, ಅದು ನಮ್ಮ ಗಜನಿಯೇ, ಕಟ್ಟೆ ಕಟ್ಟಿ ಹೊಳೆಯ ಉಪ್ಪುನೀರು ತಡೆದ ತಗ್ಗು ಗದ್ದೆ. ಉಪ್ಪು ತಾಳುವ ಭತ್ತಗಳಲ್ಲಿ ಅಲ್ಲಿ ಕಗ್ಗ ಬೆಳೆದರೆ ಇಲ್ಲಿ ಕೊರ್ಗುಟ್; ತೂಬಿಗೆ ಇಲ್ಲಿ ಮಾನಸ್ ಎನ್ನುತ್ತಾರೆ. ಮಾಂಡವಿ, ಜುವಾರಿ ದಂಡೆಯ ಈ ಗದ್ದೆಗಳ ಕೆಸರಿನಲ್ಲಿರುವ ಸಿಗಡಿ ಬಳಗದ ಪುಟ್ಟ ಜೀವಿಗಳಾದ ಕೋಪೆಪಾಡ್, ಚಿಪ್ಪಿನೊಳಗಿರುವ ಆಸ್ಟ್ರಕಾಡ್, ಆಂಫಿಪಾಡ್‌ಗಳೇ ಮೀನುಮರಿಗಳ ಊಟ. ಚರಂಡಿ ನೀರು, ಸಿಗಡಿ ಕೆರೆಯ ಹೊಲಸು, ಒಡೆದ ಕಟ್ಟೆ ಈ ಜೀವಿಗಳಿಗೆ ಏನು ಮಾಡಿವೆ ಎಂದು ತಿಳಿಯಲು ಮೊದಲು ಉಪ್ಪಿನ ಲೆಕ್ಕ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ನೀರು ಸಪ್ಪೆಯಾಗಿ ಪ್ರಭೇದಗಳು ತಾವಾಗಿಯೇ ಬದಲಾಗುತ್ತವೆ. ಮೇ ತಿಂಗಳ ಮಾದರಿಯನ್ನು ಆಗಸ್ಟ್‌ನದಕ್ಕೆ ಹೋಲಿಸಿ ಚರಂಡಿಯನ್ನು ದೂರಿದರೆ ಆ ಮಾತು ನಿಲ್ಲುವುದಿಲ್ಲ.

ಒಂದೇ ದಿನ ಮೂರು ಕಡೆ ತೆಗೆಯಿರಿ: ಚರಂಡಿ ಬಾಯಿ, ಅದೇ ಗದ್ದೆಯ ದೂರದ ಕಾಲುವೆ, ಮಾನಸ್‌ನ ಹೊರಗಿನ ಹೊಳೆ. ಪ್ರತಿ ಕಡೆ ರಿಫ್ರ್ಯಾಕ್ಟೋಮೀಟರ್‌ನಿಂದ ಲವಣಾಂಶ ನೋಡಿ ಬರೆದುಕೊಳ್ಳಿ. ಹೊರಗಿನ ನೀರನ್ನು ಉಬ್ಬರದ ಕೊನೆಗೇ ತುಂಬಿಕೊಳ್ಳಬೇಕು. ಇಳಿತಕ್ಕೆ ಮಾನಸ್ ತೆರೆದುಕೊಂಡು ಗದ್ದೆಯ ನೀರೇ ಹೊರಬರುತ್ತದೆ, ನಿಮ್ಮ ಬಾಟಲಿಗೆ ಒಳಗಿನ ಜೀವಿಗಳೇ ಬೀಳುತ್ತವೆ.

ನೀರಿಗೆ: 50 ಲೀಟರನ್ನು ಬಕೆಟ್‌ನಲ್ಲಿ ಎತ್ತಿ 150 ಮೈಕ್ರಾನ್ ಬಲೆಗೆ ಸುರಿಯಿರಿ.

ಕೆಸರಿಗೆ: 50 ಮಿಲಿಲೀಟರ್ ಸಿರಿಂಜಿನ ತುದಿ ಕತ್ತರಿಸಿ 5 ಸೆಂಟಿಮೀಟರ್ ಆಳಕ್ಕೆ ಒತ್ತಿ ಎಳೆಯಿರಿ, ಜಾಗಕ್ಕೆ ಕನಿಷ್ಠ 3 ಸಲ. ಕೋಪೆಪಾಡ್‌ಗಳು ಹೆಚ್ಚಾಗಿ ಮೇಲಿನ ಒಂದೆರಡು ಸೆಂಟಿಮೀಟರ್‌ನಲ್ಲೇ ಇರುತ್ತವೆ. ಹಾಗಾಗಿ ತುಳಿದ ಜಾಗ ಬೇಡ, ಕೈಚಾಚಿ ಮುಂದಿನ ಕೆಸರು ತೆಗೆಯಿರಿ.

ಮಾದರಿ ಕೆಡದಂತೆ ಇಡಲು: ಒಂದು ಪಾಲು ಅಂಗಡಿ ಫಾರ್ಮಲಿನ್‌ಗೆ ಅದೇ ಜಾಗದ ಒಂಬತ್ತು ಪಾಲು ನೀರು, ಚಿಟಿಕೆ ಬೋರಾಕ್ಸ್. ಬೋರಾಕ್ಸ್ ಮರೆತರೆ ಆಮ್ಲತೆಗೆ ಆಸ್ಟ್ರಕಾಡ್ ಚಿಪ್ಪು ಕರಗಿಹೋಗುತ್ತದೆ. ಕೈಗವಸು ಹಾಕಿ, ಬಯಲಿನಲ್ಲೇ ಬೆರೆಸಿ; ಉಳಿದದ್ದನ್ನು ಗದ್ದೆಗೆ ಚೆಲ್ಲಬಾರದು. ಆಮೇಲೆ ರೋಸ್ ಬೆಂಗಾಲ್ ಬಣ್ಣ ಹಾಕಿ ಒಂದು ದಿನ ಬಿಡಿ. ಹಿಡಿದಾಗ ಜೀವವಿದ್ದವು ಗುಲಾಬಿಯಾಗುತ್ತವೆ. ಈ ಹಂತ ಬಿಟ್ಟವರು ಖಾಲಿ ಚಿಪ್ಪುಗಳನ್ನೂ ಎಣಿಸಿ, ಸತ್ತ ಕೆಸರಿಗೆ ಸಮೃದ್ಧಿಯ ಅಂಕ ಕೊಡುತ್ತಾರೆ. ಸೋಸಲು ಮೇಲೆ 500, ಕೆಳಗೆ 63 ಮೈಕ್ರಾನ್ ಜರಡಿ. ಕೆಳಗಿನದಕ್ಕೆ ಅಗಲ ಕಣ್ಣಿನದು ಬಳಸಿದರೆ ಎಳೆಯ ಕೋಪೆಪಾಡ್‌ಗಳು ಜಾರಿಹೋಗುತ್ತವೆ.

ಒಟ್ಟು ಸಂಖ್ಯೆ ನೋಡಿ ಸಮಾಧಾನಪಡಬೇಡಿ. ಹೊಲಸು ಸೇರಿದಲ್ಲಿ ಒಂದೆರಡು ಗಟ್ಟಿ ಪ್ರಭೇದಗಳು ಕಿಕ್ಕಿರಿದು, ಒಟ್ಟು ಏರಿ, ಬಗೆಗಳು ಇಳಿಯಬಹುದು. ಆಂಫಿಪಾಡ್‌ಗಳಲ್ಲಿ ಹಲವು ಎಣ್ಣೆ, ವಿಷ ತಾಳುವುದಿಲ್ಲ. ಅವು ದೂರದ ಕಾಲುವೆಯಲ್ಲಿದ್ದು ಚರಂಡಿ ಬಾಯಿಯಲ್ಲಿ ಇಲ್ಲದಿದ್ದರೆ, ಅಲ್ಲಿನ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಅನುಮಾನಕ್ಕೆ ಬಲವಿದೆ. ಎರಡೂ ಕಡೆ ಇಲ್ಲದಿದ್ದರೆ ಚರಂಡಿಯ ಮೇಲೆ ಹೊರಿಸಬೇಡಿ.

ಚೋಡಣ ದ್ವೀಪದ ಸಲೀಂ ಅಲಿ ಪಕ್ಷಿಧಾಮದೊಳಗೆ ಮಾದರಿ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು.