ನನ್ನ ಮೊದಲ ಪ್ರಯೋಗದಲ್ಲಿ ಹುಬ್ಬುಗಳೇ ಇರಲಿಲ್ಲ

ಸನ್ನೆ ಭಾಷೆ ಮತ್ತು ಮಿದುಳಿನ ಸಂಶೋಧನೆಗೆ ನನ್ನನ್ನು ಎಳೆದು ತಂದಿದ್ದು ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಉರ್ಸುಲಾ ಬೆಲ್ಲುಗಿ ಮತ್ತು ಅವರ ಜೊತೆಗಾರರು ಮಾಡಿದ ಕೆಲಸ. ಸ್ಟ್ರೋಕ್ ಆಗಿದ್ದ ಕಿವುಡರನ್ನು ಅವರು ಗಮನಿಸಿದರು. ಬಲ ಮಿದುಳಿಗೆ ಪೆಟ್ಟಾದವರಲ್ಲಿ ಕೆಲವರು ಚಿತ್ರ ಬರೆದರೆ ಎಡಭಾಗ ಬಿಟ್ಟುಹೋಗುತ್ತಿತ್ತು. ಆದರೆ ಸನ್ನೆ ಮಾಡುವಾಗ ಅದೇ ಎಡಗಡೆಯ ಜಾಗವನ್ನು ವ್ಯಾಕರಣಕ್ಕೆ ಸರಿಯಾಗಿ ಬಳಸುತ್ತಿದ್ದರು. ಎಡ ಮಿದುಳಿಗೆ ಪೆಟ್ಟಾದವರಿಗೆ ಚಿತ್ರ ಬರೆಯಲು ಬರುತ್ತಿತ್ತು, ಸನ್ನೆ ಮಾತ್ರ ಮುರಿದುಬಿದ್ದಿತ್ತು. ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಬಾಯಿಯ ಮಾತನ್ನು ನೋಡಿಕೊಳ್ಳುವ ಎಡ ಮಿದುಳೇ ಕೈಯ ಮಾತನ್ನೂ ನೋಡಿಕೊಳ್ಳುತ್ತಿತ್ತು!

ಆದರೆ ನನಗೆ ಸನ್ನೆ ಬರುತ್ತಿರಲಿಲ್ಲ. ಪದಪಟ್ಟಿ ಇದ್ದರೆ ಸಾಕು ಅಂದುಕೊಂಡಿದ್ದೆ. ಮೊದಲ ಪ್ರಯೋಗಕ್ಕೆ ವಿಡಿಯೋ ತೆಗೆಯುವಾಗ, ಸನ್ನೆ ಮಾಡುವವರಿಗೆ ಮುಖ ಅಲುಗಿಸಬೇಡಿ ಎಂದೆ. ಕೈಗಳನ್ನಷ್ಟೇ ಅಳೆಯೋಣ, ಮುಖಭಾವ ಬೆರೆಯುವುದು ಬೇಡ ಅನ್ನೋದು ನನ್ನ ಲೆಕ್ಕ. ಆರು ತಿಂಗಳಾದ ಮೇಲೆ ಕಿವುಡ ಸಹೋದ್ಯೋಗಿಯೊಬ್ಬರು ಆ ವಿಡಿಯೋ ನೋಡಿ, "ಇದರಲ್ಲಿ ಪ್ರಶ್ನೆ ಎಲ್ಲಿದೆ?" ಎಂದರು. ಹೌದು ಅಥವಾ ಇಲ್ಲ ಎಂಬ ಉತ್ತರ ಬೇಕಾದ ಪ್ರಶ್ನೆ ಕೇಳುವಾಗ ಹುಬ್ಬು ಏರಬೇಕು. ಅದು ವ್ಯಾಕರಣದ ಭಾಗ. ನಾನು 'ಬಂದರಾ' ಅನ್ನೋದರ ಕೊನೆಯ ದೀರ್ಘವನ್ನೇ ಕತ್ತರಿಸಿ, ಮಿದುಳು ಪ್ರಶ್ನೆಯನ್ನು ಹೇಗೆ ಗುರುತಿಸುತ್ತದೆ ಎಂದು ಹುಡುಕುತ್ತಿದ್ದೆ. ಆ ಅಳತೆಗಳನ್ನೆಲ್ಲ ಬಿಟ್ಟೆವು. ಅವರನ್ನು ಮೊದಲ ದಿನವೇ ಜೊತೆಗೆ ಕೂರಿಸಿಕೊಳ್ಳಬೇಕಿತ್ತು, ಅಲ್ವಾ? ಮುಂದಿನ ಎರಡು ವರ್ಷ ಸಂಜೆಗಳಲ್ಲಿ ಭಾಷೆ ಕಲಿತೆ. ನಂತರದ ಪ್ರತಿ ಪ್ರಯೋಗವನ್ನೂ ಅವರೊಂದಿಗೇ ಕಟ್ಟಿದೆ.

ಎಂಆರ್‌ಐ ಸ್ಕ್ಯಾನರ್ ಇನ್ನೊಂದು ಪಾಠ. ತಲೆ ಒಂದೆರಡು ಮಿಲಿಮೀಟರ್ ಅಲುಗಿದರೂ ಚಿತ್ರ ಕೆಡುತ್ತದೆ, ಆದರೆ ಸನ್ನೆ ಮಾಡಿದರೆ ಇಡೀ ಮೈಯೇ ಅಲುಗುತ್ತದೆ. ಹಾಗಾಗಿ ಒಂದೇ ಕೈಯಲ್ಲಿ ಆಗುವ ಸನ್ನೆಗಳನ್ನು ಆರಿಸಿದೆವು. ಮೊಣಕೈಗೆ ದಿಂಬು ಕೊಟ್ಟು, ಹೊಟ್ಟೆಯ ಮೇಲೆ ಚಿಕ್ಕದಾಗಿ ಸನ್ನೆ ಮಾಡಲು ಹೇಳಿದೆವು. ಶ್ರವಣಯಂತ್ರವನ್ನು ಹೊರಗೇ ಬಿಡಬೇಕು. ಕಿವಿಯೊಳಗೆ ಇಂಪ್ಲಾಂಟ್ ಇದ್ದವರನ್ನು ನಾವು ಸೇರಿಸಿಕೊಳ್ಳಲಿಲ್ಲ, ಅದರಲ್ಲಿ ಅಯಸ್ಕಾಂತ ಇರುತ್ತದೆ. ಒಮ್ಮೆ ನಡುವೆ, ಒಳಗಿದ್ದವರಿಗೆ ಸನ್ನೆ ತೋರಿಸುವ ಪರದೆ ಆರಿಹೋಯಿತು. ಏನಾಗಿದೆ ಎಂದು ಅವರಿಗೆ ಹೇಳಲು ದಾರಿಯೇ ಇರಲಿಲ್ಲ. ಅವರು ಹೊರಗೆ ಬಂದಾಗ ಕೈ ನಡುಗುತ್ತಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ. ಅಂದಿನಿಂದ ಕಾಲ ಬಳಿ ಒಬ್ಬರು ನಿಲ್ಲುತ್ತಾರೆ. ಪಾದ ಒಮ್ಮೆ ತಟ್ಟಿದರೆ 'ಸ್ವಲ್ಪ ತಡೆಯಿರಿ', ಎರಡು ಸಲ ತಟ್ಟಿದರೆ 'ಹೊರಗೆ ತರುತ್ತಿದ್ದೇವೆ'.

ನಮ್ಮ ಚಿತ್ರಗಳಲ್ಲೂ ಎಡ ಮಿದುಳಿನಲ್ಲಿ ಮಾತು ಕಟ್ಟಲು ನೆರವಾಗುವ ಬ್ರೋಕಾ ಭಾಗ ಕೆಲಸ ಮಾಡುವುದು ಕಂಡಿತು. ಸನ್ನೆಯಲ್ಲಿ, ಮಿದುಳಿನ ಮೇಲ್ಗಡೆ ಹಿಂದಕ್ಕಿರುವ ಪರೈಟಲ್ ಭಾಗದ ಕೆಲಸ ಮಾತಿಗಿಂತ ಜಾಸ್ತಿ.

ಆದರೆ ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ಮೊದಲ ಭಾಷೆ ಎಷ್ಟನೇ ವಯಸ್ಸಿನಲ್ಲಿ ಸಿಕ್ಕಿತು? ಹೆಚ್ಚಿನ ಕಿವುಡ ಮಕ್ಕಳ ಅಪ್ಪ ಅಮ್ಮನಿಗೆ ಕಿವಿ ಕೇಳುತ್ತದೆ, ಮನೆಯಲ್ಲಿ ಸನ್ನೆ ಇರುವುದಿಲ್ಲ. ಮೊದಲ ಭಾಷೆ ತಡವಾಗಿ ಸಿಕ್ಕವರಿಗೆ ಎಷ್ಟೋ ವರ್ಷಗಳ ನಂತರವೂ ವ್ಯಾಕರಣ ಕಷ್ಟವೆಂದು ಸನ್ನೆ ಭಾಷೆಯ ಸಂಶೋಧಕಿ ರೇಚೆಲ್ ಮೇಬೆರಿ ತೋರಿಸಿದ್ದಾರೆ. ನಮ್ಮ ಫಾರ್ಮಿನಲ್ಲಿ ಈಗ ಇದೇ ಮೊದಲ ಪ್ರಶ್ನೆ. "ಹನ್ನೆರಡು" ಎಂದು ಯಾರಾದರೂ ಕೈ ತೋರಿಸಿದರೆ, ನಾನು ಪೆನ್ನು ಕೆಳಗಿಟ್ಟು ಅವರ ಕಥೆ ಕೇಳುತ್ತೇನೆ. ಸ್ಕ್ಯಾನರ್ ಆಮೇಲೆ.