ಡೆಬಿಯನ್ 12ರಿಂದ 13ಕ್ಕೆ: ನಾನು ಅಪ್‌ಗ್ರೇಡ್ ಮಾಡಿದ ಬಗೆ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್‌ನ 13ನೇ ಆವೃತ್ತಿ, ಅಂದರೆ ಟ್ರಿಕ್ಸಿ, 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಅದರ ಹಿಂದಿನ 12, ಅಂದರೆ ಬುಕ್‌ವರ್ಮ್, ಬಂದಿದ್ದು 2023ರ ಜೂನ್ 10ಕ್ಕೆ. ಈ ಎರಡು ವರ್ಷಗಳಲ್ಲಿ ಸೇರಿಕೊಂಡ ಬದಲಾವಣೆಗಳೆಲ್ಲ ಒಂದೇ ಸಲ ನಮ್ಮ ಕಂಪ್ಯೂಟರಿಗೆ ಬರುತ್ತವೆ. ಸ್ಟೇಬಲ್, ಅಂದರೆ ಹೀಗೆ ಪೂರ್ತಿ ಪರೀಕ್ಷಿಸಿ ಬಿಡುಗಡೆ ಮಾಡಿದ ಆವೃತ್ತಿ, ಬಳಸುವವರಿಗೆ ನಡುವೆ ಯಾವ ತಲೆನೋವೂ ಇರುವುದಿಲ್ಲ. ಆದರೆ ಅಪ್‌ಗ್ರೇಡ್ ಮಾಡುವ ದಿನ ಮಾತ್ರ ಕೂತು ಒಂದೊಂದಾಗಿ ನೋಡಲೇಬೇಕು.

ಹೊಸ ಬಿಡುಗಡೆ ಅಂದ ಕೂಡಲೇ ಎಲ್ಲರ ಕಣ್ಣು ಆವೃತ್ತಿ ಸಂಖ್ಯೆಗಳ ಮೇಲೆ ಬೀಳುತ್ತದೆ. ಕರ್ನಲ್ (ವ್ಯವಸ್ಥೆಯ ತಿರುಳು) 6.12, ಡೆಸ್ಕ್‌ಟಾಪ್‌ಗಳಾದ ಗ್ನೋಮ್ 48, ಪ್ಲಾಸ್ಮಾ 6.3, ಪೈಥಾನ್ 3.13, ಹೀಗೆ. ಅದೆಲ್ಲ ಬೇಕು, ನಿಜ. ಆದರೆ ನನ್ನ ಮಟ್ಟಿಗೆ ಜಾಸ್ತಿ ಗಮನ ಕೊಡಬೇಕಾದ್ದು ಸದ್ದಿಲ್ಲದೆ ಬದಲಾಗಿರುವ ಡಿಫಾಲ್ಟ್‌ಗಳಿಗೆ, ಅಂದರೆ ನಾವು ಏನೂ ಹೇಳದಿದ್ದಾಗ ಯಂತ್ರ ತಾನಾಗಿ ಪಾಲಿಸುವ ಸೆಟ್ಟಿಂಗ್‌ಗಳಿಗೆ. ಹೊಸ ಆವೃತ್ತಿಯಲ್ಲಿ ಏನಾದರೂ ಕೆಟ್ಟರೆ ಎರರ್ ಮೆಸೇಜ್ ಬರುತ್ತದೆ. ಡಿಫಾಲ್ಟ್ ಬದಲಾದರೆ ಏನೂ ಬರುವುದಿಲ್ಲ. ನಿನ್ನೆ ಆಗುತ್ತಿದ್ದ ಕೆಲಸ ಇವತ್ತು ಸುಮ್ನೆ ನಿಂತಿರುತ್ತದೆ.

ನನ್ನ ಹತ್ತಿರ ದಿನಾ ಬಳಸುವ ಒಂದು ಲ್ಯಾಪ್‌ಟಾಪ್ ಇದೆ, ಅದರ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ. ಇನ್ನೊಂದು ಸಣ್ಣ ಸರ್ವರ್. ಅದರಲ್ಲಿ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್, ಪಿಎಚ್‌ಪಿ, ಡೇಟಾಬೇಸ್ ಪೋಸ್ಟ್‌ಗ್ರೆಸ್, ಜೊತೆಗೆ ಹೊರಗಿನಿಂದ ಒಳಗೆ ಬರಲು ವೈರ್‌ಗಾರ್ಡ್ ವಿಪಿಎನ್. ಮೂರನೆಯದು ಹಳೆಯ 32-ಬಿಟ್ ಕಂಪ್ಯೂಟರ್. ಇದನ್ನು ನಾನು ಮುಟ್ಟಲಿಲ್ಲ. ಟ್ರಿಕ್ಸಿಯಲ್ಲಿ ಐ386ಕ್ಕೆ, ಅಂದರೆ ಇಂಥ 32-ಬಿಟ್ ಪಿಸಿಗಳಿಗೆ, ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. 64-ಬಿಟ್ ವ್ಯವಸ್ಥೆಯ ಮೇಲೆ ಹಳೆಯ 32-ಬಿಟ್ ಪ್ರೋಗ್ರಾಂ ಓಡಿಸಲು ಬೇಕಾದಷ್ಟನ್ನು ಮಾತ್ರ ಉಳಿಸಿದ್ದಾರೆ. ನಿಮ್ಮ ಹತ್ತಿರ ಅಂಥ ಹಳೆಯ ಯಂತ್ರ ಇದ್ದರೆ 12ರಲ್ಲೇ ಬಿಡಿ, 13ಕ್ಕೆ ತರಲು ಹೋಗಬೇಡಿ.

ಮೊದಲ ಪಾಯಿಂಟ್ ರಿಲೀಸ್ (ತಿದ್ದುಪಡಿಗಳನ್ನು ಒಟ್ಟುಗೂಡಿಸಿದ ಬಿಡುಗಡೆ) 13.1 ಸೆಪ್ಟೆಂಬರ್ 6ಕ್ಕೆ ಬಂತು. ನಾನು ಅಲ್ಲಿಯವರೆಗೆ ಕಾದೆ. ಆ ಬಿಡುವಿನಲ್ಲಿ ಬಿಡುಗಡೆ ಟಿಪ್ಪಣಿಯ ಐದನೇ ಅಧ್ಯಾಯವನ್ನು ಪೂರ್ತಿ ಓದಿದೆ. ನನ್ನ ಯಂತ್ರಕ್ಕೆ ತಾಗುವ ವಿಷಯಗಳನ್ನಷ್ಟೇ ಬೇರೆ ಬರೆದಿಟ್ಟುಕೊಂಡೆ. ಆಮೇಲೆ ಸರ್ವರಿನ ಡಿಸ್ಕನ್ನು ಕಾಪಿ ಮಾಡಿ, ಲ್ಯಾಪ್‌ಟಾಪಿನಲ್ಲಿ ಕೆವಿಎಂ ಮೂಲಕ ವರ್ಚುವಲ್ ಯಂತ್ರವಾಗಿ ಎಬ್ಬಿಸಿ, ಮೊದಲ ಅಪ್‌ಗ್ರೇಡ್ ಅದರ ಮೇಲೆ ಮಾಡಿದೆ. ಇದು ಸ್ವಲ್ಪ ಸಮಯ ತಿನ್ನುತ್ತದೆ, ಆದರೆ ಯಾರಿಗಾದರೂ ಒಂದೇ ಸಲಹೆ ಕೊಡು ಅಂದರೆ ನಾನು ಇದನ್ನೇ ಕೊಡುತ್ತೇನೆ. ನಿಜವಾದ ಡೇಟಾ, ನಿಜವಾದ ಕಾನ್ಫಿಗ್ ಫೈಲುಗಳು ಇರುವ ಕಡೆ ಮಾತ್ರ ನಿಜವಾದ ತೊಂದರೆಗಳು ಕಾಣುತ್ತವೆ.

ತಯಾರಿ ಸಾಮಾನ್ಯವಾಗಿ ಮಾಡುವಂಥದ್ದೇ. ಬ್ಯಾಕಪ್. ಬುಕ್‌ವರ್ಮಿನ ಎಲ್ಲ ಅಪ್‌ಡೇಟ್‌ಗಳನ್ನೂ ಹಾಕಿ ಮುಗಿಸುವುದು. ಹೊರಗಿನ ರೆಪೊಗಳನ್ನು (ಪ್ಯಾಕೇಜ್ ಬರುವ ಮೂಲಗಳನ್ನು) ಆಫ್ ಮಾಡುವುದು. ಹೋಲ್ಡ್‌ನಲ್ಲಿ, ಅಂದರೆ ಅಪ್‌ಡೇಟ್ ಆಗದಂತೆ ತಡೆದು, ಇಟ್ಟ ಪ್ಯಾಕೇಜ್ ಇದೆಯಾ ಅಂತ ನೋಡುವುದು. ಈ ಸಲ ಇದಕ್ಕೆ ಇನ್ನೊಂದು ಸೇರಿತು: ಬೂಟ್ ಪಾರ್ಟಿಷನ್ನಿನ ಜಾಗ. ಕರ್ನಲ್ ಮತ್ತು ಫರ್ಮ್‌ವೇರ್ ಎರಡೂ ದಪ್ಪಗಾಗಿವೆ. ಬೂಟ್ ಬೇರೆ ಪಾರ್ಟಿಷನ್ ಆಗಿದ್ದರೆ ಅದು ಕನಿಷ್ಠ 768 ಎಂಬಿ ಇರಬೇಕು, ಅದರಲ್ಲಿ ಸುಮಾರು 300 ಎಂಬಿ ಖಾಲಿ ಇರಬೇಕು ಅಂತ ಟಿಪ್ಪಣಿ ಹೇಳುತ್ತದೆ. ನನ್ನ ಲ್ಯಾಪ್‌ಟಾಪಿನದು ಹಳೆಯ ಇನ್‌ಸ್ಟಾಲ್, ಬೂಟ್ ಅದಕ್ಕಿಂತ ಚಿಕ್ಕದು. ಹಳೆಯ ಕರ್ನಲ್‌ಗಳನ್ನು ತೆಗೆದೆ. ಇನಿಟ್‌ರಾಂಎಫ್‌ಎಸ್ (ಬೂಟ್ ಶುರುವಾಗುವಾಗ ಕರ್ನಲ್ ಬಳಸುವ ಫೈಲ್) ಕಾನ್ಫಿಗ್‌ನಲ್ಲಿ ಮಾಡ್ಯೂಲ್ಸ್ ಅನ್ನುವ ಸಾಲನ್ನು 'ಮೋಸ್ಟ್'ನಿಂದ 'ಡೆಪ್'ಗೆ ಬದಲಾಯಿಸಿದೆ. ಆಗ ಈ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳಷ್ಟೇ ಅದರೊಳಗೆ ಸೇರುತ್ತವೆ, ಫೈಲ್ ಚಿಕ್ಕದಾಗುತ್ತದೆ. ಡಿಸ್ಕನ್ನು ತೆಗೆದು ಬೇರೆ ಯಂತ್ರಕ್ಕೆ ಹಾಕಿದರೆ ಬೂಟ್ ಆಗದೆ ಇರಬಹುದು, ಅದು ನೆನಪಿರಲಿ.

ಅಪ್‌ಗ್ರೇಡ್ ಮಾಡಿದ್ದು ಎರಡು ಹಂತದಲ್ಲಿ. ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ಟೀಮಕ್ಸ್ ಒಳಗೆ ಕೂತು, ರೆಪೊ ಫೈಲಿನಲ್ಲಿ ಬುಕ್‌ವರ್ಮ್ ಇದ್ದ ಕಡೆಯೆಲ್ಲ ಟ್ರಿಕ್ಸಿ ಅಂತ ಬದಲಾಯಿಸಿ, ಮೊದಲು ಹೊಸ ಪ್ಯಾಕೇಜ್ ಸೇರಿಸದ ಕಿರು ಅಪ್‌ಗ್ರೇಡ್, ಆಮೇಲೆ ಫುಲ್-ಅಪ್‌ಗ್ರೇಡ್. ಇಲ್ಲಿ ಒಂದು ಮಾತು ಹೇಳಲೇಬೇಕು. ಫುಲ್-ಅಪ್‌ಗ್ರೇಡ್ ಶುರು ಮಾಡಿದಾಗ ಪ್ಯಾಕೇಜ್ ನಿರ್ವಹಿಸುವ ಆಪ್ಟ್, ತೆಗೆದುಹಾಕುವ ಪ್ಯಾಕೇಜ್‌ಗಳ ಉದ್ದನೆಯ ಪಟ್ಟಿ ತೋರಿಸುತ್ತದೆ. ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದರಲ್ಲಿ ಹೆಚ್ಚಿನವು ಲೈಬ್ರರಿಗಳು, ಅದೇ ಹೆಸರಿನ ಕೊನೆಗೆ 'ಟಿ64' ಅಂತ ಸೇರಿ ಇನ್‌ಸ್ಟಾಲ್ ಪಟ್ಟಿಯಲ್ಲೂ ಇರುತ್ತವೆ.

ಈ ಟಿ64 ಹಿಂದೆ ದೊಡ್ಡ ಕೆಲಸ ಇದೆ. ಯೂನಿಕ್ಸ್ ಕುಟುಂಬದಲ್ಲಿ ಸಮಯವನ್ನು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಅಂತ ಎಣಿಸುತ್ತಾರೆ. ಅದನ್ನು 32 ಬಿಟ್‌ನಲ್ಲಿ ಇಟ್ಟರೆ 2038ರ ಜನವರಿ 19ಕ್ಕೆ ಎಣಿಕೆ ತುಂಬಿ ಉಕ್ಕುತ್ತದೆ. ಟ್ರಿಕ್ಸಿಯಲ್ಲಿ ಐ386 ಬಿಟ್ಟು ಉಳಿದ ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ (ಪ್ರೊಸೆಸರ್ ಬಗೆಗಳಲ್ಲೂ) ಸಮಯ 64 ಬಿಟ್ ಆಗಿದೆ. ನಮ್ಮ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಮೊದಲೇ 64 ಬಿಟ್ ಇತ್ತು, ಬದಲಾಗಿದ್ದು ಪ್ಯಾಕೇಜಿನ ಹೆಸರು ಮಾತ್ರ. ನಿಜವಾದ ಲಾಭ ಸಣ್ಣ ಆರ್ಮ್ ಬೋರ್ಡುಗಳಿಗೆ. ಸಾವಿರಾರು ಪ್ಯಾಕೇಜ್‌ಗಳನ್ನು ಒಟ್ಟಿಗೆ ಹೊಸದಾಗಿ ಕಟ್ಟಿದ ಸ್ವಯಂಸೇವಕರ ಶ್ರಮ ಇದು. ಆ ಪಟ್ಟಿಯನ್ನು ನಾನು ಗೌರವದಿಂದಲೇ ಓದಿದೆ. ತೆಗೆಯುವ ಪಟ್ಟಿಯಲ್ಲಿ ಟಿ64 ಜೋಡಿ ಇಲ್ಲದ ಹೆಸರುಗಳನ್ನು ಮಾತ್ರ ಒಂದೊಂದಾಗಿ ನೋಡಿ ಮುಂದೆ ಹೋದೆ.

ರೀಬೂಟ್ ಮಾಡುವ ಮುಂಚೆ ಲ್ಯಾಪ್‌ಟಾಪಿನಲ್ಲಿ ಒಂದು ವಿಷಯ ಖಾತ್ರಿ ಮಾಡಿಕೊಂಡೆ. ಎನ್‌ಕ್ರಿಪ್ಟ್ ಆದ ಪಾರ್ಟಿಷನ್‌ಗಳನ್ನು ತಾನಾಗಿ ಹುಡುಕಿ ಮೌಂಟ್ ಮಾಡುವ ಭಾಗ ಈಗ ಸಿಸ್ಟಮ್‌ಡಿ-ಕ್ರಿಪ್ಟ್‌ಸೆಟಪ್ ಅನ್ನುವ ಬೇರೆ ಪ್ಯಾಕೇಜಿಗೆ ಹೋಗಿದೆ. ಅದು ರೆಕಮೆಂಡೆಡ್ ಪ್ಯಾಕೇಜ್ ಆದ್ದರಿಂದ ಸಾಮಾನ್ಯವಾಗಿ ತಾನೇ ಬರುತ್ತದೆ. ನನ್ನ ಹಾಗೆ ರೆಕಮೆಂಡ್ಸ್ ಆಫ್ ಮಾಡಿ ಇಟ್ಟವರು ಕೈಯಾರೆ ಹಾಕಿಕೊಳ್ಳಬೇಕು. ಇದನ್ನು ರೀಬೂಟ್‌ಗೆ ಮುಂಚೆಯೇ ನೋಡಿ, ಆಮೇಲೆ ಅಲ್ಲ.

ಈಗ ಡಿಫಾಲ್ಟ್‌ಗಳ ವಿಷಯಕ್ಕೆ ಬರೋಣ.

ಮೊದಲನೆಯದು ತಾತ್ಕಾಲಿಕ ಫೈಲುಗಳಿಗಾಗಿ ಇರುವ ಟೆಂಪ್ ಫೋಲ್ಡರ್. ಇನ್ನು ಮುಂದೆ ಅದು ಡಿಸ್ಕಿನಲ್ಲಿ ಅಲ್ಲ, ಮೆಮೊರಿಯಲ್ಲಿ. ಟೆಂಪ್‌ಎಫ್‌ಎಸ್ ಆಗಿ ಮೌಂಟ್ ಆಗುತ್ತದೆ, ಗರಿಷ್ಠ ರ್‍ಯಾಮಿನ ಅರ್ಧದಷ್ಟು ಜಾಗ ತೆಗೆದುಕೊಳ್ಳಬಹುದು. ಸಣ್ಣ ಫೈಲುಗಳ ಕೆಲಸ ಬೇಗ ಆಗುತ್ತದೆ, ಎಸ್‌ಎಸ್‌ಡಿ ಮೇಲೆ ಬರೆಯುವುದು ಕಡಿಮೆಯಾಗುತ್ತದೆ. ಲ್ಯಾಪ್‌ಟಾಪಿಗೆ ಇದು ಒಳ್ಳೆಯದೇ. ಸರ್ವರ್ ಬೇರೆ. ಅದರ ರ್‍ಯಾಮ್ ಚಿಕ್ಕದು, ನನ್ನ ಬ್ಯಾಕಪ್ ಸ್ಕ್ರಿಪ್ಟ್ ಡೇಟಾಬೇಸ್ ಡಂಪನ್ನು ಮೊದಲು ಟೆಂಪ್‌ನಲ್ಲಿ ಇಟ್ಟು ಆಮೇಲೆ ಕಂಪ್ರೆಸ್ ಮಾಡುತ್ತಿತ್ತು. ಹಾಗೇ ಬಿಟ್ಟಿದ್ದರೆ ಆ ಡಂಪ್ ಪೋಸ್ಟ್‌ಗ್ರೆಸ್‌ಗೆ ಬೇಕಾದ ಮೆಮೊರಿಯನ್ನೇ ತಿನ್ನುತ್ತಿತ್ತು. ವರ್ಚುವಲ್ ಯಂತ್ರದಲ್ಲಿ ಪ್ರಯತ್ನ ಮಾಡಿದ್ದರಿಂದ ಇದು ಮೊದಲೇ ಗೊತ್ತಾಯಿತು. ಸ್ಕ್ರಿಪ್ಟನ್ನು ವಾರ್ ಅನ್ನುವ ಫೋಲ್ಡರಿನೊಳಗಿನ ಟೆಂಪ್‌ಗೆ ಬದಲಾಯಿಸಿದೆ, ಅದು ಡಿಸ್ಕಿನಲ್ಲೇ ಇದೆ. ಹಳೆಯ ರೀತಿಯೇ ಬೇಕು ಅನ್ನುವವರು ಸಿಸ್ಟಮ್‌ಸಿಟಿಎಲ್‌ನಿಂದ ಟೆಂಪ್ ಮೌಂಟ್ ಯೂನಿಟ್ಟನ್ನು ಮಾಸ್ಕ್ ಮಾಡಿ ರೀಬೂಟ್ ಮಾಡಿದರೆ ಸಾಕು. ಅಳತೆ ಮಾತ್ರ ಬದಲಾಯಿಸಬೇಕಾದರೆ ಅದೇ ಯೂನಿಟ್ಟನ್ನು ಎಡಿಟ್ ಮಾಡಿ ಸೈಜ್ ಬರೆಯಬಹುದು.

ಇದರ ಜೊತೆಗೇ ಬಂದ ಇನ್ನೊಂದು ಬದಲಾವಣೆ: ಹೊಸದಾಗಿ ಇನ್‌ಸ್ಟಾಲ್ ಮಾಡಿದ ಯಂತ್ರಗಳಲ್ಲಿ ಟೆಂಪ್‌ನಲ್ಲಿ 10 ದಿನಕ್ಕಿಂತ ಹಳೆಯ ಫೈಲುಗಳೂ, ವಾರ್ ಒಳಗಿನ ಟೆಂಪ್‌ನಲ್ಲಿ 30 ದಿನಕ್ಕಿಂತ ಹಳೆಯ ಫೈಲುಗಳೂ ತಾವಾಗಿ ಅಳಿಸಿಹೋಗುತ್ತವೆ. ಅಪ್‌ಗ್ರೇಡ್ ಮಾಡಿದವರಿಗೆ ಹಳೆಯ ನಡವಳಿಕೆಯನ್ನೇ ಉಳಿಸುವ ಒಂದು ಫೈಲನ್ನು ಸೇರಿಸುತ್ತಾರೆ. ಹಾಗಾಗಿ ಒಂದೇ ಟ್ರಿಕ್ಸಿ ಎರಡು ಯಂತ್ರಗಳಲ್ಲಿ ಎರಡು ರೀತಿ ನಡೆದುಕೊಳ್ಳಬಹುದು. ಹಲವು ಯಂತ್ರ ನೋಡಿಕೊಳ್ಳುವವರಿಗೆ ಇದು ಗೊತ್ತಿರಬೇಕು, ಅಲ್ವಾ? ಅಪ್‌ಗ್ರೇಡ್‌ಗೆ ಮುಂಚೆ ಟೆಂಪ್‌ನಲ್ಲಿ ಇದ್ದ ಫೈಲುಗಳು ಎಲ್ಲೂ ಹೋಗಿರುವುದಿಲ್ಲ, ಹೊಸ ಮೌಂಟಿನ ಕೆಳಗೆ ಮುಚ್ಚಿಕೊಂಡಿರುತ್ತವೆ. ರೂಟ್ ಫೈಲ್‌ಸಿಸ್ಟಮ್ಮನ್ನು ಬೇರೆ ಕಡೆ ಬೈಂಡ್ ಮೌಂಟ್ ಮಾಡಿದರೆ ಕಾಣುತ್ತವೆ.

ಎರಡನೆಯದನ್ನು ನಾನು ಅತಿ ಮುಖ್ಯ ಅಂತ ಲೆಕ್ಕ ಹಾಕುತ್ತೇನೆ. ಇಟಿಸಿ ಫೋಲ್ಡರ್ ಒಳಗಿನ ಸಿಸ್‌ಸಿಟಿಎಲ್ ಡಾಟ್ ಕಾನ್ಫ್ ಫೈಲನ್ನು, ಬೂಟ್ ಮತ್ತು ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ, ಈಗ ಬೂಟ್ ಆಗುವಾಗ ಓದುವುದಿಲ್ಲ. ವರ್ಷಗಟ್ಟಲೆ ನಾವೆಲ್ಲ ಕರ್ನಲ್ ಸೆಟ್ಟಿಂಗ್ ಬರೆಯುತ್ತಾ ಬಂದ ಫೈಲ್ ಅದು. ಫೈಲ್ ಅಲ್ಲೇ ಇರುತ್ತದೆ, ತೆರೆದು ನೋಡಿದರೆ ಎಲ್ಲ ಸಾಲುಗಳೂ ಇರುತ್ತವೆ, ಆದರೆ ಯಾವುದೂ ಜಾರಿಗೆ ಬರುವುದಿಲ್ಲ. ನನ್ನ ಸರ್ವರಿನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡುವ ಸಾಲು ಇದ್ದಿದ್ದು ಅಲ್ಲೇ. ಅದು ಇಲ್ಲದಿದ್ದರೆ ವೈರ್‌ಗಾರ್ಡ್ ಕನೆಕ್ಟ್ ಆಗುತ್ತದೆ, ಹ್ಯಾಂಡ್‌ಶೇಕ್ ಆಗುತ್ತದೆ, ಆದರೆ ಸರ್ವರ್ ದಾಟಿ ಒಂದು ಪ್ಯಾಕೆಟ್ಟೂ ಮುಂದೆ ಹೋಗುವುದಿಲ್ಲ. ಫೈರ್‌ವಾಲಿನಲ್ಲಿ ಹುಡುಕುತ್ತಾ ಗಂಟೆಗಟ್ಟಲೆ ಕಳೆಯಬಹುದಾದ ತೊಂದರೆ. ಪರಿಹಾರ ಸುಲಭ: ಸಾಲುಗಳನ್ನು ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರಿನೊಳಗೆ, ಕಾನ್ಫ್ ಅಂತ ಕೊನೆಯಾಗುವ ಸ್ವಂತ ಫೈಲಿಗೆ ಹಾಕುವುದು. ಇದನ್ನು ಬುಕ್‌ವರ್ಮ್‌ನಲ್ಲಿ ಇರುವಾಗಲೇ ಮಾಡಬಹುದು, ಅಲ್ಲೂ ಆ ಫೋಲ್ಡರ್ ಕೆಲಸ ಮಾಡುತ್ತದೆ. ನಾನು ಹಾಗೇ ಮಾಡಿದೆ.

ಇನ್ನು ಲಾಗಿನ್ ದಾಖಲೆ. ಯಾರು ಯಾವಾಗ ಲಾಗಿನ್ ಆದರು ಅಂತ ನೋಡುವ ಲಾಸ್ಟ್, ಲಾಸ್ಟ್‌ಲಾಗ್ ಆಜ್ಞೆಗಳು ಡಿಫಾಲ್ಟ್ ಆಗಿ ಸಿಗುವುದಿಲ್ಲ. ಅವು ಓದುತ್ತಿದ್ದ ಹಳೆಯ ಫೈಲುಗಳಿಗೂ 2038ರ ತೊಂದರೆ ಇತ್ತು. ಬದಲಿಗೆ ಡಬ್ಲ್ಯುಟಿಎಂಪಿಡಿಬಿ ಮತ್ತು ಲಾಸ್ಟ್‌ಲಾಗ್2 ಹಾಕಿಕೊಳ್ಳಬೇಕು. ವಾರಕ್ಕೊಮ್ಮೆ ಲಾಗಿನ್ ವರದಿ ಕಳಿಸುವ ನನ್ನ ಸ್ಕ್ರಿಪ್ಟನ್ನು ಇದಕ್ಕೆ ತಕ್ಕಂತೆ ತಿದ್ದಿದೆ. ನೆಟ್‌ವರ್ಕ್ ಕಾರ್ಡಿನ ಹೆಸರೂ ಕೆಲವು ಯಂತ್ರಗಳಲ್ಲಿ ಬದಲಾಗಬಹುದು. ದೂರದಲ್ಲಿರುವ ಸರ್ವರ್ ಆದರೆ ಮ್ಯಾಕ್ ವಿಳಾಸಕ್ಕೆ ಹೆಸರು ಕಟ್ಟುವ ಲಿಂಕ್ ಫೈಲೊಂದನ್ನು ಮೊದಲೇ ಬರೆದಿಡಿ.

ಪೋಸ್ಟ್‌ಗ್ರೆಸ್ 15ರಿಂದ 17ಕ್ಕೆ ಹೋಗುತ್ತದೆ. ಡೆಬಿಯನ್ ಹಳೆಯದನ್ನು ತಾನಾಗಿ ಬದಲಾಯಿಸುವುದಿಲ್ಲ, ಇದು ನನಗೆ ತುಂಬ ಇಷ್ಟವಾದ ನಡೆ. 15 ಹಾಗೇ ಓಡುತ್ತಿರುತ್ತದೆ, ಪಕ್ಕದಲ್ಲಿ 17 ಬಂದು ಕೂರುತ್ತದೆ. 17ರ ಖಾಲಿ ಕ್ಲಸ್ಟರನ್ನು (ಡೇಟಾಬೇಸ್‌ಗಳ ಗುಂಪನ್ನು) ಅಳಿಸಿ, ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್ ಓಡಿಸಿದೆ. ಅದು ಡಂಪ್ ತೆಗೆದು ಹೊಸದರಲ್ಲಿ ತುಂಬುವುದರಿಂದ ಇಂಡೆಕ್ಸ್‌ಗಳೂ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಅಪ್ಲಿಕೇಷನ್ ಎಲ್ಲ ಸರಿ ಓಡುವುದನ್ನು ನೋಡಿದ ಮೇಲೆ ಹಳೆಯದನ್ನು ತೆಗೆದೆ. 17ರಲ್ಲಿ ವ್ಯಾಕ್ಯೂಮ್‌ಗೆ (ಅಳಿಸಿದ ಸಾಲುಗಳ ಜಾಗ ಬಿಡಿಸುವ ಕೆಲಸಕ್ಕೆ) ಬೇಕಾಗುವ ಮೆಮೊರಿ ತುಂಬ ಕಡಿಮೆಯಾಗಿದೆ, ಇನ್‌ಕ್ರಿಮೆಂಟಲ್ ಬ್ಯಾಕಪ್ ಕೂಡ ಒಳಗೇ ಬಂದಿದೆ. ಸಣ್ಣ ಸರ್ವರಿಗೆ ಎರಡೂ ಬೇಕಾದವೇ. ಪಿಎಚ್‌ಪಿ 8.2ರಿಂದ 8.4 ಆಯಿತು. ಎನ್‌ಜಿನ್‌ಎಕ್ಸ್‌ನಲ್ಲಿ ಬರೆದಿದ್ದ ಸಾಕೆಟ್ ಫೈಲಿನ ಹೆಸರಲ್ಲಿ ಆವೃತ್ತಿ ಸಂಖ್ಯೆ ಇರುವುದರಿಂದ ಅದನ್ನೂ ಬದಲಾಯಿಸಬೇಕಾಯಿತು.

ಪೈಥಾನ್ 3.11ರಿಂದ 3.13ಕ್ಕೆ ಬಂದಿದ್ದರಿಂದ ಹಳೆಯ ವರ್ಚುವಲ್ ಎನ್‌ವಿರಾನ್‌ಮೆಂಟ್‌ಗಳನ್ನೆಲ್ಲ ಹೊಸದಾಗಿ ಮಾಡಿದೆ. ಸಿಜಿಐ, ಟೆಲ್‌ನೆಟ್‌ಲಿಬ್, ಕ್ರಿಪ್ಟ್ ಥರದ ಹಳೆಯ ಮಾಡ್ಯೂಲ್‌ಗಳು 3.13ರಲ್ಲಿ ಇಲ್ಲ. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಇವುಗಳ ಹೆಸರನ್ನು ಗ್ರೆಪ್ ಮಾಡಿ ನೋಡಿಕೊಳ್ಳಿ.

ಇಷ್ಟೆಲ್ಲ ಆದಮೇಲೆ ಸಿಕ್ಕಿದ್ದನ್ನೂ ಹೇಳಬೇಕು. ಆಪ್ಟ್ 3.0 ನಿಜಕ್ಕೂ ಓದಲು ಹಿತವಾಗಿದೆ. ಪ್ಯಾಕೇಜ್‌ಗಳು ಕಾಲಂ ಕಾಲಂ ಆಗಿ ನಿಲ್ಲುತ್ತವೆ, ಸೇರುವವು ಹಸಿರು, ಹೋಗುವವು ಕೆಂಪು. ಮಾಡರ್ನೈಜ್-ಸೋರ್ಸಸ್ ಅನ್ನುವ ಹೊಸ ಆಜ್ಞೆ ಹಳೆಯ ಒಂದೇ ಸಾಲಿನ ರೆಪೊ ಫೈಲನ್ನು ಹೊಸ ರೂಪಕ್ಕೆ ತಾನೇ ಬದಲಾಯಿಸುತ್ತದೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ 10 ಬಂದಿದೆ. ಅದರಲ್ಲಿ ಮುಂದಿನ ಕ್ವಾಂಟಂ ಕಂಪ್ಯೂಟರ್‌ಗಳಿಗೂ ಜಗ್ಗದಂತೆ ರೂಪಿಸಿದ ಕೀ ವಿನಿಮಯವೇ ಡಿಫಾಲ್ಟ್. ಹಳೆಯ ಬಗೆಯ ಡಿಎಸ್‌ಎ ಕೀಗಳು ಪೂರ್ತಿ ಹೋಗಿವೆ. ಬಹಳ ಹಳೆಯ ರೌಟರ್ ಥರದ ಸಾಧನಕ್ಕೆ ಡಿಎಸ್‌ಎ ಮೂಲಕ ಲಾಗಿನ್ ಆಗುತ್ತಿದ್ದರೆ ಮೊದಲು ದಾರಿ ಹುಡುಕಿಕೊಳ್ಳಿ. ಡೌನ್‌ಲೋಡ್ ಮಾಡಲು ಬಳಸುವ ಕರ್ಲ್‌ಗೆ ಎಚ್‌ಟಿಟಿಪಿ/3 ಬಂದಿದೆ. ರಿಸ್ಕ್-ಫೈವ್ 64-ಬಿಟ್ ಮೊದಲ ಸಲ ಅಧಿಕೃತ ಆರ್ಕಿಟೆಕ್ಚರ್ ಆಗಿದೆ.

ಡೆಸ್ಕ್‌ಟಾಪಿನಲ್ಲಿ ಗ್ನೋಮ್ 43ರಿಂದ 48ಕ್ಕೆ ಒಂದೇ ಜಿಗಿತ. ಒಂದೇ ಆಪ್‌ನಿಂದ ಬಂದ ನೋಟಿಫಿಕೇಷನ್‌ಗಳು ಒಟ್ಟಿಗೆ ಗುಂಪಾಗುತ್ತವೆ. ಎಷ್ಟು ಹೊತ್ತು ಸ್ಕ್ರೀನ್ ಮುಂದೆ ಕೂತಿದ್ದೇವೆ ಅಂತ ತೋರಿಸುವ ಪುಟ ಇದೆ. ನನಗೆ ಅತಿ ಉಪಯೋಗವಾಗಿದ್ದು ಬ್ಯಾಟರಿಯನ್ನು ಸುಮಾರು 80 ಶೇಕಡಕ್ಕೆ ನಿಲ್ಲಿಸಿ ಕಾಪಾಡುವ ಆಯ್ಕೆ. ಲ್ಯಾಪ್‌ಟಾಪಿನ ಹಾರ್ಡ್‌ವೇರ್ ಅದಕ್ಕೆ ಒಪ್ಪಬೇಕು, ನನ್ನದು ಒಪ್ಪುತ್ತದೆ. ಅದಕ್ಕಾಗಿ ಇಟ್ಟಿದ್ದ ಬೇರೆ ಪ್ರೋಗ್ರಾಮನ್ನು ತೆಗೆದುಹಾಕಿದೆ.

ಡೆಬಿಯನ್-ರೆಪ್ರೊ-ಸ್ಟೇಟಸ್ ಅನ್ನುವ ಸಣ್ಣ ಪ್ಯಾಕೇಜನ್ನೂ ಹಾಕಿ ನೋಡಿ. ನಿಮ್ಮ ಯಂತ್ರದಲ್ಲಿರುವ ಪ್ಯಾಕೇಜ್‌ಗಳಲ್ಲಿ ಯಾವುವನ್ನು ಅದೇ ಸೋರ್ಸಿನಿಂದ ಬೇರೆಯವರು ಕಟ್ಟಿದರೂ ಒಂದು ಬೈಟ್ ಕೂಡ ವ್ಯತ್ಯಾಸ ಇಲ್ಲದೆ ಬರುತ್ತದೆ ಅಂತ ಅದು ಹೇಳುತ್ತದೆ. ನಾವು ನಂಬುವ ಬೈನರಿ ನಿಜಕ್ಕೂ ಆ ಸೋರ್ಸಿನದೇ ಅಂತ ಯಾರು ಬೇಕಾದರೂ ಪರೀಕ್ಷಿಸಬಹುದು ಅನ್ನುವುದು ನನ್ನ ಪಾಲಿಗೆ ಯಾವ ಹೊಸ ಬಟನ್ನಿಗಿಂತಲೂ ದೊಡ್ಡದು.

ಇನ್ನೊಂದು ಸರ್ವರ್ ಬಾಕಿ ಇದೆ. ಗೆಳೆಯರೊಬ್ಬರಿಗಾಗಿ ನಾನು ನೋಡಿಕೊಳ್ಳುವ ಮೇಲ್ ಸರ್ವರ್ ಅದು, ಒಳಗೆ ಮೇಲ್‌ಬಾಕ್ಸ್ ಒದಗಿಸುವ ಡವ್‌ಕಾಟ್ ಇದೆ. ಟ್ರಿಕ್ಸಿಯಲ್ಲಿ ಬರುವ ಡವ್‌ಕಾಟ್ 2.4 ಹಳೆಯ ಕಾನ್ಫಿಗ್ ಫೈಲುಗಳನ್ನು ಒಪ್ಪುವುದಿಲ್ಲ. ಮೊದಲ ಸೆಟ್ಟಿಂಗ್ ಆಗಿ ಕಾನ್ಫಿಗ್ ಆವೃತ್ತಿಯನ್ನೇ ಬರೆಯಬೇಕು, ಮೇಲ್ ಎಲ್ಲಿದೆ ಅಂತ ಒಂದೇ ಸಾಲಿನಲ್ಲಿ ಹೇಳುತ್ತಿದ್ದುದು ಈಗ ಡ್ರೈವರ್, ಪಾತ್ ಅಂತ ಬೇರೆ ಬೇರೆ ಸಾಲುಗಳಾಗಿದೆ. ಎರಡು ಸರ್ವರ್‌ಗಳ ನಡುವೆ ಮೇಲ್ ನಕಲು ಮಾಡುತ್ತಿದ್ದ ರೆಪ್ಲಿಕೇಷನ್ನನ್ನೂ ತೆಗೆದಿದ್ದಾರೆ. ಹಾಗಾಗಿ ವರ್ಚುವಲ್ ಯಂತ್ರದಲ್ಲಿ ಖಾಲಿ ಫೈಲಿನಿಂದ ಹೊಸ ಕಾನ್ಫಿಗ್ ಬರೆಯುತ್ತಿದ್ದೇನೆ. ಲಾಗಿನ್, ಫಿಲ್ಟರ್, ಕೋಟಾ ಮೂರೂ ಅಲ್ಲಿ ಸರಿ ಓಡುವವರೆಗೆ ಆ ಸರ್ವರ್ ಬುಕ್‌ವರ್ಮ್‌ನಲ್ಲೇ ಇರುತ್ತದೆ.